ಪಕ್ಕದ ಕೋಣೆಯ ಸಿಳ್ಳೆ

ಜೂನ್ ೮

ಅಕ್ಕ,

'ಇಲ್ಲಿ ನಾನು ಕ್ಷೇಮ' ಅಂತ ಶುರು ಮಾಡಿದರೆ ನೀನು ನಂಬುವವಳಲ್ಲ. ಅದಕ್ಕೆ ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಕೋಣೆ ಸಿಕ್ಕಿತು. ನಾಟಕ ಮಂದಿರದ ಹಿಂದಿನ ಬೀದಿಯಲ್ಲೇ, ಮಹಡಿಯ ಮೇಲೆ. ಹತ್ತುವ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಮೇಲೆ ಎರಡು ಕೋಣೆ. ಒಂದು ನನ್ನದು, ಇನ್ನೊಂದಕ್ಕೆ ಬೀಗ. ಕೆಳಗೆ ಮನೆಯೊಡತಿ ಒಬ್ಬರೇ ಇದ್ದಾರೆ. ವಯಸ್ಸಾದ ಹೆಂಗಸು, ಮಾತು ಕಡಿಮೆ. ಮೊದಲ ದಿನವೇ 'ನನ್ನ ಮಗನ ವಯಸ್ಸು ನಿಂದು, ನೀನು ತಾನು ಅಂತೀನಿ, ಬೇಜಾರು ಮಾಡ್ಕೋಬೇಡ' ಅಂದರು. ಬೇಜಾರೇನು, ಖುಷಿಯೇ ಆಯಿತು.

ಕೆಲಸ ಚೆನ್ನಾಗಿದೆ. ಉಡುಪಿನ ಕೋಣೆಯಲ್ಲಿ ನಾನೊಬ್ಬನೇ ಟೈಲರ್. ರಾಜರ ನಿಲುವಂಗಿಗೆ ಅಸ್ತರು ಹೊಲಿಯುವುದು, ಸಿಪಾಯಿಗಳ ಕೋಟಿಗೆ ಗುಂಡಿ ಹಚ್ಚುವುದು. ದೂಳು ಇದೆ, ನೀನು ಕೇಳುವ ಮೊದಲೇ ಹೇಳಿಬಿಟ್ಟೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ.

ಫೋನ್ ಯಾಕೆ ಮಾಡುವುದಿಲ್ಲ ಅಂತ ಮೂತಿ ಊದಿಸಿಕೊಂಡಿದ್ದೀಯ ಅಂತ ಗೊತ್ತು. ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತೀಯ. ನಾನು ಏನೋ ತಮಾಷೆ ಹೇಳುತ್ತಿದ್ದರೆ ನಡುವೆ ಬಾಯಿ ಹಾಕಿ 'ಒಂದು ವಾಕ್ಯಕ್ಕೆ ಎರಡು ಸಲ ಉಸಿರೆಳೀತಿದೀಯ' ಅನ್ನುತ್ತೀಯ. ಹೆಸರು ಹಿಡಿದು ಕರೆಯುವುದು ಬಿಟ್ಟು 'ಸಿಳ್ಳೆ' ಅಂತ ಕರೆದವಳು ನೀನೇ ಅಲ್ಲವಾ? ಕಾಗದದಲ್ಲಿ ಉಸಿರು ಕೇಳಿಸುವುದಿಲ್ಲ. ಆರಾಮಾಗಿ ಓದು.

ನೀನು ಹೇಳಿದ ಹಾಗೆ ಇಲ್ಲಿನ ಕ್ಲಿನಿಕ್ಕಿನಲ್ಲಿ ನಿಮ್ಮ ಉಬ್ಬಸದ ಅಧ್ಯಯನಕ್ಕೆ ಹೆಸರು ಕೊಟ್ಟೆ. ಉಪ್ಪುನೀರಿನ ಆವಿ ಎಳೆಸಿ ಕಫ ತೆಗೆಸಿದರು. ಅದು ನಿನ್ನ ಲ್ಯಾಬಿಗೇ ಬರುತ್ತದಂತೆ. ಊರು ಬಿಟ್ಟು ಬಂದ ತಮ್ಮ ಅಕ್ಕನಿಗೆ ಕಳಿಸಿದ ಮೊದಲ ಉಡುಗೊರೆ, ಜೋಪಾನ.

ಒಂದು ಮಾತು. ಬೀಗ ಹಾಕಿದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ಸಂಜೆ ಗೋಡೆಗೆ ಒರಗಿ ಕೂತರೆ ಆ ಕಡೆಯಿಂದ ಸಿಳ್ಳೆ ಕೇಳಿಸುತ್ತದೆ. ಬಾಯಿಂದ ಹಾಕುವ ಸಿಳ್ಳೆಯಲ್ಲ, ನಮ್ಮ ಜಾತಿಯದು, ಎದೆಯದು. ಮನೆಯೊಡತಿಯನ್ನು ಕೇಳಿದರೆ 'ಯಾರೂ ಇಲ್ಲಪ್ಪ, ಪೈಪಿನ ಸದ್ದು' ಅಂದರು.

ನಿನ್ನ ಸಿಳ್ಳೆ


ಜೂನ್ ೧೯

ಸಿಳ್ಳೆ,

ಉಡುಗೊರೆ ಬಂತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ ಕಣೋ. ಟ್ಯೂಬುಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಕೇತ. ಯಾವುದು ಯಾರದ್ದು ಅನ್ನುವುದು ಡಾಕ್ಟರ್ ಮೇಡಂ ಹತ್ತಿರ ಮಾತ್ರ ಇರುತ್ತದೆ. ನಾನು ಅಕ್ಕರೆಯಿಂದ ನಿನ್ನದನ್ನು ಬೇರೆ ಥರ ನೋಡಬಾರದಲ್ಲ, ಅದಕ್ಕೆ.

ನಾನು ಏನು ಮಾಡುತ್ತೇನೆ ಅಂತ ಎಷ್ಟು ಸಲ ಕೇಳಿದ್ದೀಯ, ಎಷ್ಟು ಸಲ ಆಕಳಿಸಿದ್ದೀಯ. ಕಾಗದದಲ್ಲಿ ಆಕಳಿಸಿದರೂ ನನಗೆ ಕಾಣುವುದಿಲ್ಲ, ಹಾಗಾಗಿ ಕೇಳು. ರಕ್ತದಲ್ಲಿ, ಕಫದಲ್ಲಿ ಇರುವ ರಕ್ಷಣೆಯ ಕೋಶಗಳು ನೋಡುವುದಕ್ಕೆ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಆದರೆ ಒಂದೊಂದರ ಮೈಮೇಲೂ ಬೇರೆ ಬೇರೆ ಗುರುತು. ನಿನ್ನ ಸಿಪಾಯಿಗಳ ಗುಂಡಿ ಇದ್ದ ಹಾಗೆ, ಯಾವ ಪಡೆಯವನು ಅಂತ ಅದರಿಂದಲೇ ಹೇಳಬಹುದು. ಆ ಗುರುತಿಗೆ ಮಾತ್ರ ಅಂಟುವ ಹೊಳೆಯುವ ಬಣ್ಣ ಹಾಕಿ, ಒಂದೊಂದೇ ಕೋಶವನ್ನು ಸಾಲಾಗಿ ಲೇಸರಿನ ಮುಂದೆ ಬಿಡುತ್ತೇವೆ. ಸತ್ತ ಕೋಶಕ್ಕೂ ಒಂದು ಬಣ್ಣ ಇದೆ. ಬದುಕಿರುವುದು ಆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದಕ್ಕೆ ತಡೆಯುವ ಶಕ್ತಿ ಇರುವುದಿಲ್ಲ, ಗಟಗಟ ಕುಡಿಯುತ್ತದೆ.

ಉಬ್ಬಸದವರ ಉಸಿರಿನ ದಾರಿಯಲ್ಲಿ ಇಯೋಸಿನೊಫಿಲ್ ಅನ್ನುವ ಜಗಳಗಂಟಿ ಕೋಶಗಳು ಗುಂಪು ಕಟ್ಟುತ್ತವೆ. ಊತ ಎಬ್ಬಿಸುವುದರಲ್ಲಿ ಅವುಗಳದ್ದು ದೊಡ್ಡ ಕೈ. ನಿನ್ನ ಕಂದು ಪಂಪಿನ ಔಷಧ ಎಳೆದುಕೊಂಡರೆ ಬಾಲ ಮುದುರಿಕೊಂಡು ಹೋಗುತ್ತವೆ. ಆದರೆ ಇನ್ನೊಂದು ಬಗೆ ಇದೆ, ನೆನಪಿಟ್ಟುಕೊಳ್ಳುವ ಕೋಶಗಳು. ಅವುಗಳಲ್ಲಿ ಕೆಲವಕ್ಕೆ ಎಂಥ ಗುರುತು ಇರುತ್ತದೆ ಅಂದರೆ, 'ನಾನು ಇಲ್ಲೇ ಇರುವವನು, ಕದಲುವುದಿಲ್ಲ' ಅಂದ ಹಾಗೆ. ರಕ್ತದ ಜೊತೆ ಊರು ಸುತ್ತುವುದಿಲ್ಲ, ಉಸಿರಿನ ದಾರಿಯ ಗೋಡೆಯಲ್ಲೇ ಮನೆ ಮಾಡಿಕೊಂಡು ಕೂತಿರುತ್ತವೆ. ಊತ ಇಳಿದರೂ ಅವು ಜಾಗ ಖಾಲಿ ಮಾಡುವುದಿಲ್ಲ. ನನಗೆ ಅವುಗಳ ಮೇಲೆ ಒಂಥರಾ ಭಯ, ಒಂಥರಾ ಗೌರವ.

ಪಕ್ಕದ ಕೋಣೆಯದ್ದು ಪೈಪೇ ಇರುತ್ತದೆ. ಕಂದು ಪಂಪು ಬೆಳಿಗ್ಗೆ ಸಂಜೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ನೀಲಿಯದು ಕಷ್ಟ ಬಂದಾಗ ಮಾತ್ರ. ಉತ್ತರದಲ್ಲಿ ಮೊದಲು ಇದನ್ನು ಬರಿ.

ಅಕ್ಕ


ಜುಲೈ ೧೪

ಅಕ್ಕ,

ಪೈಪ್ ಅಲ್ಲ. ಪೈಪಿಗೆ ಕೆಮ್ಮು ಬರುವುದಿಲ್ಲ.

ಮೊದಲು ಒಳ್ಳೆ ಸುದ್ದಿ ಹೇಳುತ್ತೇನೆ. ನನ್ನ ಎದೆ ತಿಳಿಯಾಗಿದೆ. ಇಷ್ಟು ಹಗುರ ಯಾವತ್ತೂ ಇರಲಿಲ್ಲ. ಮೆಟ್ಟಿಲು ಹತ್ತಿ ಬಂದು ಕೂತು ಕಿವಿಗೊಟ್ಟರೆ ನನ್ನ ಒಳಗೆ ಸದ್ದೇ ಇಲ್ಲ. ಚಿಕ್ಕವರಿದ್ದಾಗ ಅಮ್ಮ ನಿನ್ನನ್ನು ನನ್ನ ಪಕ್ಕ ಮಲಗಿಸಿ 'ಸಿಳ್ಳೆ ನಿಂತ ಮೇಲೆ ನೀನೂ ಕಣ್ಣು ಮುಚ್ಚು' ಅನ್ನುತ್ತಿದ್ದಳಲ್ಲ? ಈಗ ನೀನು ಇಲ್ಲಿದ್ದಿದ್ದರೆ ಸಂಜೆಗೇ ನಿದ್ದೆ ಹೋಗುತ್ತಿದ್ದೆ.

ಆ ಕಡೆಯವರ ಸ್ಥಿತಿ ಮಾತ್ರ ಕೇಳಬೇಡ. ನನ್ನದು ಇಳಿದಷ್ಟೂ ಅವರದು ಏರುತ್ತಿದೆ. ಗೋಡೆಗೆ ಕಿವಿ ಇಟ್ಟರೆ ಒಳಗೆಳೆಯುವುದು ಚಿಕ್ಕದು, ಬಿಡುವುದು ಉದ್ದ, ಕೊನೆಯಲ್ಲಿ ಕೊಳಲಿನ ಹಾಗೆ ಸಣ್ಣಗೆ ಎಳೆದು ನಿಲ್ಲುತ್ತದೆ. ಅವರು ತುಂಬ ಸಂಕೋಚದವರು ಅಂತ ಕಾಣುತ್ತದೆ. ನಾನು ಕೇಳಿಸಿಕೊಳ್ಳಲು ಉಸಿರು ಬಿಗಿಹಿಡಿದರೆ ಅವರೂ ಬಿಗಿಹಿಡಿಯುತ್ತಾರೆ. ನಾನು ಬಿಟ್ಟ ಮೇಲೆಯೇ ಅವರು ಬಿಡುವುದು. ಮೊನ್ನೆ ಗೋಡೆ ತಟ್ಟಿ 'ಮುಂದಕ್ಕೆ ಬಾಗಿ ಕೂತ್ಕೊಳ್ಳಿ, ಆರಾಮಾಗುತ್ತೆ' ಅಂದೆ. ನಾನೂ ಬಾಗಿ ಕೂತೆ, ತೋರಿಸಿಕೊಡುವವನ ಹಾಗೆ. ಇಬ್ಬರಿಗೂ ಸ್ವಲ್ಪ ಹಿತವಾಯಿತು.

ಉಡುಪಿನ ಕೋಣೆಯಲ್ಲಿ ಹೊಸ ನಾಟಕದ ಗಡಿಬಿಡಿ. ದೆವ್ವದ ಪಾತ್ರಕ್ಕೆ ಏನು ಹೊಲಿಯಬೇಕು ಅಂತ ನಿರ್ದೇಶಕರನ್ನು ಕೇಳಿದರೆ 'ಏನೂ ಬೇಡ, ಒಂದು ಖಾಲಿ ಕೋಟು ಸಾಕು' ಅಂದರು. ಸುಲಭದ ಗಿರಾಕಿ.

ಸಿಳ್ಳೆ


ಜುಲೈ ೨೫

ಸಿಳ್ಳೆ,

ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿ? ನಾಲ್ಕು ಸಲ ಓದಿದೆ, ಕಂದು ಪಂಪಿನ ಮಾತೇ ಇಲ್ಲ. ಚೆನ್ನಾಗಿದೆ ಅನ್ನಿಸಿದ ಕೂಡಲೇ ಔಷಧ ಬಿಡುವುದು ನಿನ್ನ ಹಳೇ ಚಾಳಿ. ನೀನು ಚೆನ್ನಾಗಿರುವುದು ಪಂಪಿನಿಂದಲೇ ಇದ್ದೀತು, ಬಿಟ್ಟರೆ ಊತ ಸದ್ದಿಲ್ಲದೆ ವಾಪಸು ಬರುತ್ತದೆ.

ಇನ್ನೊಂದು ವಿಷಯ, ಹುಚ್ಚಿ ಅನ್ನಬೇಡ. ನೀನು ಉಸಿರು ಹಿಡಿದರೆ ಅವರೂ ಹಿಡಿಯುತ್ತಾರೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನಾನೂ ಉಸಿರು ಹಿಡಿದು ನೋಡಿದೆ. ಅದು ಸಂಕೋಚ ಅಲ್ಲ ಕಣೋ. ಅದು ನಿನ್ನದೇ ಸಿಳ್ಳೆ, ಬರಿಗೋಡೆಗೆ ತಾಗಿ ವಾಪಸು ಬರುತ್ತಿದೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಿನ್ನ ಕಿವಿಗೆ ಅದು ನಿನ್ನದು ಅಂತ ಗೊತ್ತಾಗುತ್ತಿಲ್ಲ, ಅಷ್ಟೇ. ಕ್ಲಿನಿಕ್ಕಿಗೆ ಹೋಗಿ ಉಸಿರು ಅಳೆಯುವ ಮೀಟರಿಗೆ ಊದಿ ತೋರಿಸು. ನನ್ನ ತಲೆ ತಿನ್ನಬೇಡ.

ಅಕ್ಕ


ಆಗಸ್ಟ್ ೨೧

ಅಕ್ಕ,

ಚಿಕ್ಕದಾಗಿ ಬರೆಯುತ್ತೇನೆ. ಬೆರಳಿಗೆ ಯಾಕೋ ಸುಸ್ತು.

ಕೋಪ ಮಾಡಿಕೊಳ್ಳಬೇಡ. ಕಂದು ಪಂಪು ನನಗಿಂತ ಆ ಕಡೆಯವರಿಗೆ ಬೇಕು ಅನ್ನಿಸಿತು. ಹೋದ ತಿಂಗಳೇ ಬೀಗದ ಬಾಗಿಲ ಮುಂದೆ ಇಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಇರಲಿಲ್ಲ. ಅಂದರೆ ಒಳಗೆ ಯಾರೋ ಇದ್ದಾರೆ ಅಂತ ಆಯಿತಲ್ಲ? ನನ್ನ ಕಿವಿಯನ್ನು ಬಯ್ದೆಯಲ್ಲ, ಈಗ ಹೇಳು.

ಕ್ಲಿನಿಕ್ಕಿನಲ್ಲಿ ಮೊನ್ನೆ ಮತ್ತೆ ಕಫ ಕೊಟ್ಟೆ. ನರ್ಸು ಊದಲು ಹೇಳಿದಳು, ನಾಟಕಕ್ಕೆ ಹೊತ್ತಾಯಿತು ಅಂತ ಓಡಿಬಂದೆ.

ಒಳ್ಳೆಯ ಸುದ್ದಿ ಏನೆಂದರೆ ಇವತ್ತು ಮಧ್ಯಾಹ್ನದಿಂದ ಆ ಕಡೆಯೂ ಸದ್ದು ಕಡಿಮೆಯಾಗುತ್ತಿದೆ. ಔಷಧ ಹಿಡಿಯಿತು ಅಂತ ಕಾಣುತ್ತದೆ. ಇಷ್ಟು ದಿನದ ಮೇಲೆ ಇಬ್ಬರೂ ನಿಶ್ಶಬ್ದ. ಇನ್ನು ಮಲಗುತ್ತೇನೆ.

ಸಿಳ್ಳೆ


ಆಗಸ್ಟ್ ೨೨

ತಮ್ಮಾ,

ಈ ಕಾಗದ ತಲುಪಿದ ಕೂಡಲೇ, ಪೂರ್ತಿ ಓದುವ ಮೊದಲೇ, ದೊಡ್ಡ ಆಸ್ಪತ್ರೆಗೆ ಹೋಗು.

ನಿನ್ನೆಯಿಂದ ಫೋನ್ ಮಾಡುತ್ತಲೇ ಇದ್ದೇನೆ. ಒಂದು ಸಲ 'ಚೆನ್ನಾಗಿದ್ದೇನೆ' ಅಂತ ಮೆಸೇಜು, ಆಮೇಲೆ ಬರೀ ರಿಂಗು. ಮನೆಯೊಡತಿಯ ನಂಬರು ನೀನು ಕೊಟ್ಟಿಲ್ಲ. ಕ್ಲಿನಿಕ್ಕಿನವರಿಗೆ ಹೇಳಿದ್ದೇನೆ, ಯಾರನ್ನಾದರೂ ಕಳಿಸುತ್ತಾರಂತೆ. ಸಂಜೆಯ ಟ್ರೈನಿಗೆ ನಾನೇ ಹೊರಡುತ್ತಿದ್ದೇನೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ನನ್ನ ಮಾತು ಕೇಳುವುದು ಕಾಗದದಲ್ಲಿ ಮಾತ್ರ, ಮತ್ತು ಸುಮ್ಮನೆ ಕೂತರೆ ನನಗೆ ಕೈಕಾಲು ಆಡುವುದಿಲ್ಲ.

ನಿನ್ನೆ ನಿಮ್ಮ ಕ್ಲಿನಿಕ್ಕಿನಿಂದ ಒಂದು ಟ್ಯೂಬು ಬಂತು. ಲೇಸರಿನ ಮುಂದೆ ಬಿಟ್ಟ ಕೂಡಲೇ ಪರದೆಯ ಒಂದು ಮೂಲೆ ಚುಕ್ಕೆ ಮುತ್ತಿ ಕಪ್ಪಾಯಿತು. ಎಲ್ಲಿ ನೋಡಿದರೂ ಇಯೋಸಿನೊಫಿಲ್, ಎಲ್ಲವೂ ಕೆರಳಿದ ಗುರುತು ಹೊತ್ತಂಥವು. ಅದರ ಹಿಂದೆ ಆ ಕದಲದ ಕೋಶಗಳು, ನಾನು ಯಾರಲ್ಲೂ ಅಷ್ಟು ನೋಡಿದವಳಲ್ಲ. ಇದು ಯಾರದ್ದೋ ಏನೋ, ಇವರು ನಡೆದಾಡಿಕೊಂಡಿರುವುದಾದರೂ ಹೇಗೆ ಅಂದುಕೊಂಡೆ. ಡಾಕ್ಟರ್ ಮೇಡಂಗೆ ತೋರಿಸಿದೆ. ಅವರು ಸಂಕೇತ ಬಿಡಿಸಿ ನೋಡಿ ನನ್ನ ಕೈ ಹಿಡಿದುಕೊಂಡರು. ಅವರು ಬಾಯಿ ಬಿಡಬೇಕಾಗಿಯೇ ಇರಲಿಲ್ಲ.

ಅಮ್ಮ ಹೇಳುತ್ತಿದ್ದುದನ್ನು ಮರೆತುಬಿಡು. ಸಿಳ್ಳೆ ನಿಂತರೆ ಎರಡು ಅರ್ಥ. ದಾರಿ ತೆರೆಯಿತು ಅಂತ ಒಂದು. ದಾರಿ ಪೂರ್ತಿ ಮುಚ್ಚಿತು ಅಂತ ಇನ್ನೊಂದು. ಸಿಳ್ಳೆ ಬರಬೇಕಾದರೂ ಗಾಳಿ ಓಡಾಡಬೇಕು ಕಣೋ. ಗಾಳಿಯೇ ಇಲ್ಲದಿದ್ದರೆ ಯಾವ ಸದ್ದೂ ಬರುವುದಿಲ್ಲ. ಈ ಕಡೆ ಆಗಲಿ ಆ ಕಡೆ ಆಗಲಿ, ಸದ್ದು ನಿಂತಿತು ಅಂತ ಹಿಗ್ಗಬೇಡ. ಮಲಗಬೇಡ. ಬಾಗಿಲು ತೆಗೆದಿಡು.

ಅಕ್ಕ


ಸೆಪ್ಟೆಂಬರ್ ೨೬

ಅಕ್ಕ,

ನೀನು ಊರಿಗೆ ಹೋದ ಮೇಲೆ ಮೊದಲ ಕಾಗದ. ನಿನ್ನೆ ಕೋಣೆಗೆ ವಾಪಸು ಬಂದೆ. ಕಂದು ಪಂಪು ಬೆಳಿಗ್ಗೆ ತೆಗೆದುಕೊಂಡೆ, ಸಂಜೆ ತೆಗೆದುಕೊಂಡೆ, ಬಾಯಿ ಮುಕ್ಕಳಿಸಿದೆ. ಮೊದಲು ಇದನ್ನೇ ಬರೆದೆ, ನೋಡು.

ನನ್ನ ಹಿಂದಿನ ಕಾಗದಕ್ಕೂ ಆಸ್ಪತ್ರೆಗೂ ನಡುವೆ ನನಗೆ ಏನೂ ನೆನಪಿಲ್ಲ. ಮಲಗುತ್ತೇನೆ ಅಂತ ನಿನಗೆ ಬರೆದು ಪೋಸ್ಟ್ ಡಬ್ಬಿಗೆ ಹಾಕಿ ಬಂದದ್ದು, ಆಮೇಲೆ ಬಾಯಲ್ಲಿ ಕೊಳವೆ, ಎದುರಿಗೆ ನಿನ್ನ ಮುಖ. ಆಂಬುಲೆನ್ಸಿಗೆ ಹೇಳಿದವರು ಕ್ಲಿನಿಕ್ಕಿನವರು ಅಂತ ನೀನು ಅಂದುಕೊಂಡಿದ್ದೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಬರುವ ಹೊತ್ತಿಗೆ ನನ್ನನ್ನು ಒಯ್ದಾಗಿತ್ತಂತೆ. ಹೇಳಿದವರು ಮನೆಯೊಡತಿ.

ನಿನ್ನೆ ಅವರೇ ಮೇಲೆ ಬಂದು ಬಾಗಿಲಲ್ಲಿ ನಿಂತು ಹೇಳಿದರು. 'ನಂಗೆ ಮೊದಲಿಂದ ಕೇಳಿಸ್ತಿತ್ತು. ನೀವು ಬಂದ ದಿನದಿಂದ. ಅದಕ್ಕಿಂತ ಮುಂಚೆ ಆ ಕೋಣೇಲಿ ಒಂದು ಇಲಿ ಸದ್ದೂ ಇರಲಿಲ್ಲ. ಹೇಳಿದ್ರೆ ಕೋಣೆ ಬಿಟ್ಟು ಹೋಗ್ತೀರಾ ಅಂತ ಪೈಪು ಅಂದೆ.' ಬಾಗಿಲ ಮುಂದಿದ್ದ ಪಂಪನ್ನು ಬೀಗ ತೆಗೆದು ಒಳಗೆ ಕಿಟಕಿಯ ಮೇಲೆ ಇಟ್ಟವರೂ ಅವರೇ. 'ಬೇಕಾದವರು ತಗೊಳ್ಲಿ ಅಂತ' ಅಂದರು, ತೀರಾ ಸಹಜವಾಗಿ.

ಆ ಮಧ್ಯಾಹ್ನ ಸದ್ದು ಇಳಿದುಹೋಯಿತಂತೆ. ಸದ್ಯ ಅಂದುಕೊಂಡರಂತೆ. ರಾತ್ರಿ ಅವರು ಮಗ್ಗಿಗೆ ನೀರು ತುಂಬಿಕೊಳ್ಳುತ್ತಿರುವಾಗ ಬೀಗದ ಕೋಣೆಯಿಂದ ಒಮ್ಮೆಲೇ ಸಿಳ್ಳೆ ಶುರುವಾಯಿತಂತೆ. ಯಾವತ್ತೂ ಇಲ್ಲದಷ್ಟು ಜೋರು, ಬೀದಿಗೆ ಕೇಳುವಷ್ಟು. ಕಿವಿ ಮುಚ್ಚಿಕೊಂಡರೂ ಬಿಡಲಿಲ್ಲವಂತೆ. ತಡೆಯಲಾರದೆ ಫೋನ್ ಮಾಡಿದರು. ಆಂಬುಲೆನ್ಸಿನವರು ಓಡಿಬಂದು, ಸದ್ದು ಕೇಳಿ, ಬೀಗ ತೆಗೆಸಿ ಆ ಕೋಣೆಗೆ ನುಗ್ಗಿದರು. ಖಾಲಿ. ಬಾಗಿಲು ತೆಗೆದ ಕೂಡಲೇ ಸದ್ದು ನಿಂತಿತಂತೆ. ಆಮೇಲೆ, ಬಂದದ್ದು ಬಂದಾಯಿತು ಅಂತ ನನ್ನ ಬಾಗಿಲು ತಟ್ಟಿದರು. ನಾನು ನೀಲಿಯಾಗಿ ಬಿದ್ದಿದ್ದೆ.

ಅಕ್ಕ, ನನ್ನಲ್ಲಿ ಆಗ ಸದ್ದು ಇರಲಿಲ್ಲ. ನೀನೇ ಬರೆದಿದ್ದೀಯ, ಗಾಳಿ ಇಲ್ಲದೆ ಸಿಳ್ಳೆ ಬರುವುದಿಲ್ಲ ಅಂತ. ಹಾಗಾದರೆ ಗೋಡೆಗೆ ತಾಗಿ ವಾಪಸು ಬಂದದ್ದು ಏನು?

ಇನ್ನೊಂದು ಸಣ್ಣ ವಿಷಯ. ಇಷ್ಟು ದಿನ ನೀನು ತಾನು ಅನ್ನುತ್ತಿದ್ದ ಮನೆಯೊಡತಿ ಈಗ ನನ್ನನ್ನು ನೀವು ಅನ್ನುತ್ತಿದ್ದಾರೆ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿದ್ರಾ. ಯಾಕೋ ಕಸಿವಿಸಿ.

ಸಿಳ್ಳೆ


ಅಕ್ಟೋಬರ್ ೩

ಸಿಳ್ಳೆ,

ಸಾವಿನ ಮನೆಯ ಹೊಸ್ತಿಲು ತುಳಿದು ವಾಪಸು ಬಂದವನಿಗೆ ಯಾರಾದರೂ ಮರ್ಯಾದೆ ಕೊಡುತ್ತಾರೆ. ನೀವು ಅಂದರೆ ಅನ್ನಲಿ ಬಿಡು, ನನ್ನಿಂದಂತೂ ಅದು ನಿನಗೆ ಸಿಗುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಹುಡುಕಿದೆ. ಪಕ್ಕದ ಮನೆಯಲ್ಲಿ ಉಬ್ಬಸದವರು ಇರಬಹುದು. ಗಾಬರಿಯಲ್ಲಿ ಮುದುಕಿ ಹೊತ್ತು ಹಿಂದುಮುಂದು ಮಾಡಿ ಹೇಳುತ್ತಿರಬಹುದು. ಹೀಗೆಲ್ಲ ಬರೆದು ಹರಿದು ಹಾಕಿದೆ. ನಿಜ ಹೇಳಲಾ? ನನಗೆ ಗೊತ್ತಿಲ್ಲ. ನಿನ್ನ ಸದ್ದೇ ಅದು ಅಂತ ಎದೆ ತಟ್ಟಿ ಬರೆದಿದ್ದೆ. ನಿನ್ನ ಶ್ವಾಸಕೋಶದ ಬಗ್ಗೆ ನನ್ನ ಲೆಕ್ಕ ಸರಿಯಾಗಿತ್ತು, ಗೋಡೆಯ ಬಗ್ಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ನಿನಗೆ ಹೇಳದೇ ಇದ್ದ ಒಂದು ಮಾತಿದೆ. ಆಸ್ಪತ್ರೆಯಲ್ಲಿ ಯಂತ್ರ ನಿನ್ನ ಪರವಾಗಿ ಉಸಿರಾಡುತ್ತಿದ್ದಾಗ ನಾನು ನಿನ್ನ ಎದೆಗೆ ಕಿವಿ ಇಟ್ಟಿದ್ದೆ. ಏನೂ ಕೇಳಿಸಲಿಲ್ಲ. ಚಿಕ್ಕಂದಿನಲ್ಲಿ ಆ ಸಿಳ್ಳೆಗೆ ನಿದ್ದೆಗೆಟ್ಟು, ಇದು ಒಮ್ಮೆ ನಿಲ್ಲಬಾರದಾ ಅಂತ ಎಷ್ಟು ಶಾಪ ಹಾಕಿದ್ದೇನೋ. ಅವತ್ತು ಅದೇ ಸದ್ದಿಗಾಗಿ ಅಂಗಲಾಚಿದೆ. ಮೂರನೆಯ ದಿನ ಸಣ್ಣಗೆ ಶುರುವಾದಾಗ ನರ್ಸುಗಳ ಮುಂದೆಯೇ ಅತ್ತೆ. ನೀನು ನನಗೆ ಬೇಕು ಕಣೋ. ಸದ್ದು ಸಮೇತ ಬೇಕು.

ಹೊಸ ಟ್ಯೂಬಿನಲ್ಲಿ ಜಗಳಗಂಟಿಗಳು ಇಳಿದಿವೆ. ಈ ಸಲ ಮೇಡಂ ನನಗೆ ಹೇಳಿಯೇ ಕೊಟ್ಟರು. ಕದಲದ ಕೋಶಗಳು ಮಾತ್ರ ಹಾಗೆಯೇ ಕೂತಿವೆ, ಒಂದೂ ಕಡಿಮೆಯಾಗಿಲ್ಲ. ಅವು ನಿನ್ನ ಜೊತೆಗೇ ಇರುತ್ತವೆ, ನೀನು ಎಲ್ಲಿಗೆ ಹೋದರೂ.

ಅದಕ್ಕೆ, ಇಲ್ಲಿಗೆ ಬಂದುಬಿಡು. ನನ್ನ ಮಲಗುವ ಕೋಣೆಯ ಪಕ್ಕದ ಚಿಕ್ಕ ಕೋಣೆ ಖಾಲಿ ಮಾಡಿದ್ದೇನೆ. ಹೊಲಿಗೆ ಎಲ್ಲೂ ಹೊಲಿಯಬಹುದು. ಆ ಕೋಣೆಯ ಕಡೆ ತಿರುಗಿ ನನ್ನ ಲೆಕ್ಕದಲ್ಲಿ ಒಂದು ಥ್ಯಾಂಕ್ಸ್ ಹೇಳಿ, ಬೀಗ ಹಾಕಿದ್ದು ಹಾಕಿದ ಹಾಗೇ ಇರಲಿ, ಹೊರಟುಬಿಡು.

ಅಕ್ಕ


ಅಕ್ಟೋಬರ್ ೧೧

ಅಕ್ಕ,

ಸ್ಟೇಷನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕಾಗದ ನನಗಿಂತ ಆಮೇಲೆ ಬರಬಹುದು, ಆದರೆ ಕೆಲವು ಮಾತು ಎದುರಿಗೆ ಕೂತು ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ. ಟಿಕೆಟ್ ಕೊಡುವವನ ಹತ್ತಿರ ಲಕೋಟೆ ಕೇಳುತ್ತೇನೆ, ಇಲ್ಲ ಅಂದರೆ ಕೈಯಲ್ಲೇ ತಂದು ಕೊಡುತ್ತೇನೆ. ನಾನಿರುವಾಗಲೇ ಓದು, ನಾನು ಗೋಡೆ ಕಡೆ ತಿರುಗಿ ಕೂತಿರುತ್ತೇನೆ.

ಕೆಲಸ ಬಿಟ್ಟೆ. ನಿರ್ದೇಶಕರು ಬಯ್ದರು, ಆಮೇಲೆ ಅಪ್ಪಿಕೊಂಡರು. ಮಧ್ಯಾಹ್ನ ಸಾಮಾನು ಕಟ್ಟಿ, ಬೀಗದ ಬಾಗಿಲ ಮುಂದೆ ನಿಂತು, ನೀನು ಹೇಳಿದ ಹಾಗೆ ಥ್ಯಾಂಕ್ಸ್ ಹೇಳಿದೆ. ಯಾರಾದರೂ ನೋಡಿದ್ದರೆ ಹುಚ್ಚ ಅಂದುಕೊಳ್ಳುತ್ತಿದ್ದರು. ಒಳಗಿನಿಂದ ಏನೂ ಕೇಳಿಸಲಿಲ್ಲ. ನನಗೆ ಯಾಕೋ ತುಂಬ ಬೇಜಾರಾಯಿತು. ಊರು ಬಿಡುವಾಗಲೂ ಅಷ್ಟು ಆಗಿರಲಿಲ್ಲ.

ಬ್ಯಾಗು ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಮನೆಯೊಡತಿ ಕೆಳಗಿನಿಂದ ಹತ್ತಿ ಬರುತ್ತಿದ್ದರು.

'ಹೊರಟ್ರಾ?' ಅಂದರು.

'ಹೂಂ ಅಮ್ಮ. ನನಗ್ಯಾಕೆ ಇಷ್ಟು ಮರ್ಯಾದೆ? ಹೋಗೋ ಹೊತ್ತಲ್ಲಾದ್ರೂ ಮೊದಲಿನ ಹಾಗೆ ನೀನು ಅನ್ನಿ' ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆ, ಮೇಲಿನ ಮೆಟ್ಟಿಲಿನ ಕಡೆ ನೋಡುತ್ತಿದ್ದರು. 'ಮರ್ಯಾದೆ ಅಲ್ಲಪ್ಪ' ಅಂದರು. 'ನಿನ್ನೊಬ್ಬನ್ನೇ ಕೇಳೋದಾದ್ರೆ ನೀನು ಅಂತಾನೇ ಅಂತೀನಿ. ಇಬ್ಬರನ್ನೂ ಸೇರಿಸಿ ಕೇಳಿದೆ.'

ಹೇಳಿ ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟರು. ನಾನು ದಾಟಿ ಬಂದೆ. ಕೆಳಗಿಳಿದು ತಿರುಗಿ ನೋಡಿದರೆ ಅವರು ಇನ್ನೂ ಗೋಡೆಗೆ ಒತ್ತಿಕೊಂಡೇ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲ ನಡುವಿಗೆ ಬಂದು, ಸೆರಗು ಸರಿಮಾಡಿಕೊಂಡು, ಮೇಲೆ ಹತ್ತಿ ಹೋದರು.

ಟ್ರೈನ್ ಬರುವ ಹೊತ್ತಾಯಿತು. ಬೆಂಚಿನ ಮೇಲೆ ನಾನೊಬ್ಬನೇ ಇದ್ದೇನೆ, ಎದೆ ತಿಳಿಯಾಗಿದೆ, ಹೆದರಿಕೆ ಇಲ್ಲ. ಯಾರೇ ಆಗಿರಲಿ, ನನ್ನ ಉಸಿರು ನಿಂತಾಗ ನನಗಾಗಿ ಕೂಗಿದವರು. ಅವರನ್ನು ಬಿಟ್ಟು ಬಾ ಅಂತ ನೀನೂ ಹೇಳಲಾರೆ.

ಬೆಳಿಗ್ಗೆ ಬಂದು ಬೆಲ್ ಮಾಡುತ್ತೇನೆ. ಅಕ್ಕ, ನಾನು ಒಳಗೆ ಬಂದ ಮೇಲೆ ಬಾಗಿಲನ್ನು ತಕ್ಷಣ ಮುಚ್ಚಬೇಡ.

ಸಿಳ್ಳೆ